ಪಾಡ್ಯದ ದಿನದ ನುಚ್ಚು

ಬೈಲಹೊಂಗಲದ ನಮ್ಮ ಓಣಿಯಲ್ಲಿ ದೀಪಾವಳಿ ಪಾಡ್ಯದ ಮಧ್ಯಾಹ್ನ ಹೋಳಿಗೆಯ ವಾಸನೆ ಬಾರದ ಮನೆ ಒಂದೇ, ಗುರವ್ವನದು. ಹೊಸದಾಗಿ ಬಾಡಿಗೆಗೆ ಬಂದವರು ಅಲ್ಲಿ ಏನೋ ಸೂತಕ ಇರಬೇಕು ಅಂದುಕೊಳ್ಳುತ್ತಾರೆ. ಸೂತಕವೇನಿಲ್ಲ. ಆ ದಿನ ಆ ಮನೆಯವರೆಲ್ಲ ಹಿತ್ತಲಲ್ಲಿ ಚಾಪೆ ಹಾಸಿಕೊಂಡು ಜೋಳದ ನುಚ್ಚು, ಮಜ್ಜಿಗೆ ಉಣ್ಣುತ್ತಾರೆ. ಅದು ಹೇಗೆ ಶುರುವಾಯಿತು ಅಂತ ಹೇಳಬೇಕಾದರೆ ಗುರವ್ವನ ಹೋಳಿಗೆಯಿಂದಲೇ ಹೇಳಬೇಕು.

ಗುರವ್ವ ಕಿತ್ತೂರಿನ ಹತ್ತಿರದ ದೇಗಾಂವದ ಹೆಣ್ಣುಮಗಳು. ಸಾಲಿ ಬಿಡಿಸಿ ಮದುವೆ ಮಾಡಿದರು, ಬೈಲಹೊಂಗಲಕ್ಕೆ ಬಂದಳು. ಮಾತು ಕಡಿಮೆ, ನೋಡಲು ಸಾಧಾರಣ. ಬಂದ ಹೊಸದರಲ್ಲಿ ಆ ಮನೆಯಲ್ಲಿ ಅವಳೊಬ್ಬಳಿದ್ದಾಳೆ ಅನ್ನುವುದೇ ಯಾರ ಲಕ್ಷ್ಯಕ್ಕೂ ಬರುತ್ತಿರಲಿಲ್ಲವಂತೆ. ಮೊದಲ ಯುಗಾದಿಗೆ ಅತ್ತೆಗೆ ಜ್ವರ ಬಂದು ಹೋಳಿಗೆ ಮಾಡುವ ಕೆಲಸ ಇವಳ ಪಾಲಿಗೆ ಬಂತು. ಹೂರಣ ಕಣಕದ ಅಂಚಿನತನಕ ಹರಡಿ, ಎಲ್ಲೂ ಹರಿಯದೆ, ಎತ್ತಿ ಹಿಡಿದರೆ ಬೆಳಕು ಕಾಣುವಷ್ಟು ತೆಳ್ಳಗೆ ಬಂದಿದ್ದವು. ಯಾರ ಅಡುಗೆಯನ್ನೂ ಹೊಗಳದ ಮಾವ ಇನ್ನೊಂದು ಹಾಕು ಅಂದಿದ್ದರು. ಅಂದಿನಿಂದ ಅವಳಿಗೆ ಮನೆಯಲ್ಲಿ ಒಂದು ಜಾಗ ಸಿಕ್ಕಿತು. ಓಣಿಯಲ್ಲಿ ಮದುವೆ, ಸೀಮಂತ ಏನಿದ್ದರೂ ಹೋಳಿಗೆ ಲಟ್ಟಿಸಲು ಗುರವ್ವನನ್ನೇ ಕರೆಯುತ್ತಿದ್ದರು. ಅವಳಿಗೆ ಇದ್ದ ಹೆಮ್ಮೆ ಅದೊಂದೇ.

ಗಂಡ ನಿಜಗುಣಪ್ಪ ಅವಳಿಗೆ ತದ್ವಿರುದ್ಧ. ಬಜಾರದ ಜವಳಿ ಅಂಗಡಿಯೊಂದರಲ್ಲಿ ಸೀರೆ ತೋರಿಸುವ ಕೆಲಸ ಅವನದು. ಸಂಗೊಳ್ಳಿ, ಸವದತ್ತಿ ಕಡೆಯಿಂದ ಮದುವೆ ಜವಳಿಗೆ ಬಂದ ಹೆಂಗಸರು ಅಂಗಡಿ ಹತ್ತಿದ ಕೂಡಲೇ ನಿಜಗುಣಪ್ಪ ಎಲ್ಲಿ ಅಂತ ಕೇಳುತ್ತಿದ್ದರು. ಸೆರಗನ್ನು ತನ್ನ ಹೆಗಲ ಮೇಲೇ ಹಾಕಿಕೊಂಡು, ಮದುಮಗಳ ಹಾಗೆ ತಲೆ ತಗ್ಗಿಸಿ ನಿಂತು, ಹೇಗೆ ಒಪ್ಪುತ್ತದೆ ನೋಡಿರಿ ಅನ್ನುವನು. ನಕ್ಕು ನಕ್ಕು ಅವರು ಒಂದರ ಬದಲು ಎರಡು ಒಯ್ಯುತ್ತಿದ್ದರು. ಅವನ ಎಡಗಲ್ಲದಲ್ಲಿ ಮಾತ್ರ ಯಾವಾಗಲೂ ಗುಟ್ಕಾ ಇರುತ್ತಿತ್ತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯ ಹುಡುಗರೆಲ್ಲ ಹಾಕುತ್ತಿದ್ದರು, ಇವನೂ ಹಾಕುತ್ತಿದ್ದ. ಹಬ್ಬದ ದಿನ ಮಾತ್ರ ಬೆಳಿಗ್ಗೆಯಿಂದ ಬಾಯಿ ಸ್ವಚ್ಛ ಇಟ್ಟುಕೊಂಡು, ಮಧ್ಯಾಹ್ನ ಒಲೆಯ ಹತ್ತಿರವೇ ಮಣೆ ಹಾಕಿಕೊಂಡು ಕೂತು, ಹಂಚಿನಿಂದ ಇಳಿದ ಹೋಳಿಗೆಗೆ ಬಿಸಿ ಇರುವಾಗಲೇ ತುಪ್ಪ ಹಾಕಿಸಿಕೊಳ್ಳುತ್ತಿದ್ದ. ಮದುವೆಯಾಗಿ ಮಗ ಬೆಳೆದು, ಸೊಸೆ ಬಂದು, ಮೊಮ್ಮಗಳು ಸ್ನೇಹಲ್ ಹುಟ್ಟಿದ ಮೇಲೂ ಒಲೆಯ ಪಕ್ಕದ ಆ ಮಣೆಯ ಜಾಗ ಬದಲಾಗಿರಲಿಲ್ಲ.

ಗಲ್ಲದ ಒಳಗೆ ಹುಣ್ಣು ಎದ್ದಾಗ ಉಷ್ಣ ಅಂದುಕೊಂಡ. ಖಾರ ತಾಗಿದರೆ ಉರಿಯುತ್ತದೆ ಅಂತ ಚಟ್ನಿ ಬಿಟ್ಟ. ಆಮೇಲೆ ರೊಟ್ಟಿ ಅಗಿಯಲು ಬಾರದಾಯಿತು, ಹಾಲಲ್ಲಿ ನೆನೆಸಿಕೊಂಡು ತಿಂದ. ಕಡೆಗೆ ಅಂಗಡಿಯ ಮಾಲೀಕರೇ ಜುಲುಮೆ ಮಾಡಿ ಬೆಳಗಾವಿಗೆ ಕಳಿಸಿದರು. ಅಲ್ಲಿಯ ದವಾಖಾನೆಯಲ್ಲಿ ತುಣುಕು ತೆಗೆದು ಪರೀಕ್ಷೆ ಮಾಡಿ ಕ್ಯಾನ್ಸರ್ ಅಂದರು. ಎಡಗಡೆಯ ಕೆಳದವಡೆಯನ್ನೂ ನಾಲಗೆಯ ಒಂದು ಭಾಗವನ್ನೂ ತೆಗೆದು, ಎದೆಯ ಮೇಲಿನ ತೊಗಲನ್ನು ಗಲ್ಲಕ್ಕೆ ತಂದು ಹೊಲಿದರು. ಆಮೇಲೆ ಕರೆಂಟು ಕೊಡುವುದು, ಅಂದರೆ ರೇಡಿಯೇಷನ್, ಅಂತ ವಾರಗಟ್ಟಲೆ ಓಡಾಟ. ಆ ವರ್ಷದ ಯುಗಾದಿ ದವಾಖಾನೆಯ ವರಾಂಡದಲ್ಲೇ ಕಳೆಯಿತು.

ಮಗ ಕಲ್ಮೇಶ ಪಂಪುಗಳ ಮೋಟಾರು ಸುತ್ತುವ ಅಂಗಡಿ ಇಟ್ಟುಕೊಂಡಿದ್ದ. ಅವನಿಗೂ ಗುಟ್ಕಾದ ಚಟ ಇತ್ತು. ಅಪ್ಪನನ್ನು ಆಪರೇಷನ್ನಿಗೆ ಒಳಗೆ ಒಯ್ದ ದಿನ, ಜೇಬಿನಲ್ಲಿದ್ದ ಗುಟ್ಕಾ ಚೀಟಿಗಳನ್ನೆಲ್ಲ ಹೆಂಡತಿ ವಿಜಯಳ ಕಣ್ಣೆದುರಿಗೇ ಕಸದ ಡಬ್ಬಿಗೆ ಹಾಕಿ, ಇನ್ನು ಮುಟ್ಟುವುದಿಲ್ಲ ಅಂದಿದ್ದ.

ಮನೆಗೆ ಬಂದ ನಿಜಗುಣಪ್ಪ ಬೇರೆಯೇ ಮನುಷ್ಯನಾಗಿದ್ದ. ಮುಖ ಒಂದು ಕಡೆಗೆ ಕುಸಿದಿತ್ತು. ತುಟಿ ಮುಚ್ಚುತ್ತಿರಲಿಲ್ಲ, ಬಾಯಿಂದ ನೀರು ಸೋರುತ್ತಿತ್ತು. ಆಡಿದ ಮಾತು ಗುರವ್ವನಿಗೆ ಬಿಟ್ಟರೆ ಉಳಿದವರಿಗೆ ಅರ್ಥವಾಗುತ್ತಿರಲಿಲ್ಲ. ಮಾಲೀಕರು ಗಿರಾಕಿಗಳ ಮುಂದೆ ಬೇಡ, ಮಾಳಿಗೆಯ ಮೇಲೆ ಬಟ್ಟೆ ಮಡಚುವ ಕೆಲಸ ಮಾಡಿಕೊಂಡಿರು ಅಂದರು. ಕೆಲವು ದಿನ ಹೋದ. ಕೆಳಗೆ ಬೇರೊಬ್ಬ ಸೀರೆ ತೋರಿಸುವುದು, ಹೆಂಗಸರು ನಗುವುದು ಮೇಲಕ್ಕೆ ಕೇಳುತ್ತಿತ್ತು. ಒಂದು ದಿನ ಮಧ್ಯಾಹ್ನವೇ ಮನೆಗೆ ಬಂದವನು ಮತ್ತೆ ಹೋಗಲಿಲ್ಲ.

ಅವನು ಉಣ್ಣಲು ಆಗುತ್ತಿದ್ದದ್ದು ನುಚ್ಚೊಂದೇ. ಗುರವ್ವ ಜೋಳವನ್ನು ಗಿರಣಿಯಲ್ಲಿ ತರಿಯಾಗಿ ಒಡೆಸಿ, ಮೆತ್ತಗೆ ಬೇಯಿಸಿ, ಕಿವುಚಿ, ತೆಳು ಮಜ್ಜಿಗೆ ಬೆರೆಸಿ, ಉಪ್ಪು ಹಾಕಿ ಕೊಡುತ್ತಿದ್ದಳು. ಒಗ್ಗರಣೆ ಇಲ್ಲ, ಮೆಣಸಿನಕಾಯಿ ಇಲ್ಲ. ಅದನ್ನು ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ತಲೆ ಬಲಕ್ಕೆ ವಾಲಿಸಿ, ಚಮಚ ಚಮಚ ನುಂಗುತ್ತಿದ್ದ. ಅರ್ಧ ಹೊರಗೆ ಬರುತ್ತಿತ್ತು. ಒಳಗೆ ಬರಲು ಗುರವ್ವನಿಗೆ ಮಾತ್ರ ಅಪ್ಪಣೆ. ಒಮ್ಮೆ ಸ್ನೇಹಲ್‌ಳ ಗೆಳತಿ ಆಡುತ್ತ ಆಡುತ್ತ ಆ ಬಾಗಿಲು ತಳ್ಳಿ, ಉಣ್ಣುತ್ತಿದ್ದವನನ್ನು ನೋಡಿ ಚೀರಿ ಓಡಿಹೋದಳು. ಅವತ್ತಿನಿಂದ ಅವನು ಮನೆಯೊಳಗೂ ಮುಖಕ್ಕೆ ಟಾವೆಲ್ ಸುತ್ತಿಕೊಂಡೇ ಇರತೊಡಗಿದ.

ಶ್ರಾವಣದಿಂದ ಹಬ್ಬಗಳು ಬಂದವು. ಮನೆಗೆ ಕಷ್ಟ ಬಂದಿದ್ದರೂ ದೇವರಿಗೆ ನೈವೇದ್ಯ ತಪ್ಪಿಸಬಾರದು ಅಂತ ಗುರವ್ವ ಎಂದಿನ ಹಾಗೆ ಬೇಳೆ ಬೇಯಿಸಿ, ಹೂರಣ ಅರೆದು, ಹೋಳಿಗೆ ಮಾಡಿದಳು. ಅಡುಗೆ ಮುಗಿಯುವ ಹೊತ್ತಿಗೆ ನಿಜಗುಣಪ್ಪ ಮಠಕ್ಕೆ ಹೋಗಿ ಬರುತ್ತೇನೆ ಅಂತ ಕೈ ಸನ್ನೆ ಮಾಡಿ ಹೊರಟುಬಿಡುತ್ತಿದ್ದ. ಪಂಚಮಿಗೂ ಹಾಗೇ, ಗಣೇಶ ಚೌತಿಗೂ ಹಾಗೇ. ಮನುಷ್ಯ ದೇವರ ಕಡೆ ಒಲಿದಿದ್ದಾನೆ, ಒಳ್ಳೆಯದೇ ಆಯಿತು ಅಂತ ಅವಳು ತಿಳಿದಿದ್ದಳು.

ದಸರೆಯ ದಿನ ಅವಳಿಗೆ ಒಂದು ಆಸೆ ಆಯಿತು. ಎರಡು ಹೋಳಿಗೆಯನ್ನು ಹಾಲಲ್ಲಿ ಹಾಕಿ, ಮಿಕ್ಸರಿನಲ್ಲಿ ನುಣ್ಣಗೆ ಮಾಡಿದರೆ ಅವನಿಗೂ ಇಳಿದೀತು ಅಂದುಕೊಂಡಳು. ಮಾಡಿ ಇಡುವಷ್ಟರಲ್ಲಿ ಅವನು ಹೊರಟುಹೋಗಿದ್ದ. ಎಲ್ಲರಿಗೂ ಬಡಿಸಿ, ಸ್ಟೀಲಿನ ಡಬ್ಬಿಯಲ್ಲಿ ಅದನ್ನು ಹಾಕಿಕೊಂಡು ಮಠಕ್ಕೆ ಹೋದಳು. ಅಲ್ಲಿ ಅಂಗಳ ಗುಡಿಸುವ ಶೆಟ್ಟೆವ್ವ, ನಿಜಗುಣಪ್ಪ ಇಲ್ಲಿಗೆ ಬಂದು ವರ್ಷವೇ ಆಯಿತಲ್ಲ ಅಂದಳು.

ಗುರವ್ವ ಏನೇನೋ ಯೋಚಿಸುತ್ತ, ಬಿಸಿಲಲ್ಲಿ ಬಜಾರ ಪೂರ್ತಿ ಸುತ್ತಿ, ಬಾಗಿಲು ಹಾಕಿದ ಅಂಗಡಿಗಳನ್ನು ದಾಟಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಬಂದಳು. ಸವದತ್ತಿ ಬಸ್ಸು ನಿಲ್ಲುವ ಕಡೆ, ಕಡೆಯ ಕಲ್ಲುಬೆಂಚಿನ ಮೇಲೆ, ಟಾವೆಲ್ ಸುತ್ತಿಕೊಂಡು ಅವನು ಕೂತಿದ್ದ. ಹಬ್ಬದ ದಿನವಾದ್ದರಿಂದ ಮಂದಿ ವಿರಳ. ಎದುರಿಗೆ ನಿಂತ ಖಾಲಿ ಬಸ್ಸನ್ನು ನೋಡುತ್ತಿದ್ದ.

ಅವಳು ಹೋಗಿ ಪಕ್ಕದಲ್ಲಿ ಕೂತಳು. ಅವನು ಬೆಚ್ಚಲಿಲ್ಲ, ಏಳಲೂ ಇಲ್ಲ.

"ಮಠಕ್ಕ ಹೋಗಿದ್ದೆ," ಅಂದಳು. "ನೀವು ಅಲ್ಲಿ ಬರೂದ ಇಲ್ಲಂತ."

ಅವನು ಟಾವೆಲ್ಲಿನೊಳಗಿಂದ ಹೇಳಿದ. ಒಂದೊಂದೇ ಮಾತು ಬಿಡಿಸಿಕೊಂಡು ಕೇಳಬೇಕಾಗಿತ್ತು.

"ನಾ ಮನ್ಯಾಗ ಇದ್ರ ಅವರಿಗೆ ತುತ್ತ ಇಳಿಯಂಗಿಲ್ಲ, ಗುರವ್ವ."

"ಹಂಗಂತ ಯಾರ ಅಂದಾರ?"

"ಯಾರೂ ಅಂದಿಲ್ಲ." ಟಾವೆಲ್ ಸರಿಪಡಿಸಿಕೊಂಡ. "ಅದಷ್ಟ ಅಲ್ಲ. ನನಗ ಈಗ ರುಚಿ ಏನೂ ತಿಳಿಯಂಗಿಲ್ಲ, ಸಕ್ರಿ ಹಾಕಿದ್ರೂ ಅಷ್ಟ, ಉಪ್ಪ ಹಾಕಿದ್ರೂ ಅಷ್ಟ. ಆದ್ರ ವಾಸನಿ ಬರತೈತಿ. ನೀ ಹೂರಣಾ ಅರಿಯಾಕ ಹತ್ತಿದಿ ಅಂದ್ರ ನನಗ ಅಲ್ಲಿ ಕುಂದ್ರಾಕ ಆಗಂಗಿಲ್ಲ."

ಗುರವ್ವ ಡಬ್ಬಿಯನ್ನು ಸೆರಗಿನೊಳಗೆ ಸರಿಸಿಕೊಂಡಳು. ಅದರಲ್ಲಿ ಏನಿದೆ ಅಂತ ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ. ಸವದತ್ತಿ ಬಸ್ಸು ಹೋಗಿ, ಧಾರವಾಡದ್ದು ಬಂದು ನಿಂತಿತು. ಮನೆಯವರೆಲ್ಲ ಉಂಡು ಮುಗಿಸುವ ಹೊತ್ತಾಗಿದೆ ಅಂತ ಅನ್ನಿಸಿದ ಮೇಲೆ ಇಬ್ಬರೂ ಎದ್ದು ನಡೆದರು.

ಹಾಲುಹೋಳಿಗೆಯನ್ನು ಅವಳು ಆ ಸಂಜೆ ಪಕ್ಕದ ಮನೆಯ ಎಮ್ಮೆಯ ಕಲಗಚ್ಚಿಗೆ ಸುರಿದಳು. ಮರುದಿನ ಪಕ್ಕದ ಮನೆಯ ಕೆಂಪವ್ವನ ಮುಂದೆ ಅವಳು ಹೇಳಿಕೊಂಡದ್ದು ಇಷ್ಟೇ. ಗಂಡನನ್ನು ಮನೆಯಿಂದ ಹೊರಗೆ ಹಾಕಿದವರು ಬೇರೆ ಯಾರೂ ಅಲ್ಲ, ತನ್ನ ಹೋಳಿಗೆ.

ದೀಪಾವಳಿ ಬಂತು. ಪಾಡ್ಯದ ಹಿಂದಿನ ದಿನವೇ ನಿಜಗುಣಪ್ಪನ ಅಕ್ಕ ಗಂಗಾ ಸಂಗೊಳ್ಳಿಯಿಂದ ಬಂದಿದ್ದಳು. ವಯಸ್ಸಾದ ಹೆಣ್ಣುಮಗಳು. ತವರಿನ ಹಬ್ಬ ತಪ್ಪಿಸಿದವಳಲ್ಲ. ಬೆಳಿಗ್ಗೆ ಗುರವ್ವ ಎಂದಿನ ಹಾಗೆ ಅಂಗಳ ಸಾರಿಸಿ, ಸೆಗಣಿಯಲ್ಲಿ ಪಾಂಡವರ ಗೊಂಬೆಗಳನ್ನು ಮಾಡಿ, ಉತ್ತರಾಣಿ ಕಡ್ಡಿ, ಚೆಂಡು ಹೂವು ಚುಚ್ಚಿ ಪೂಜೆ ಮಾಡಿದಳು. ಹಾಲು, ಬಾಳೆಹಣ್ಣಿನ ನೈವೇದ್ಯ ಮುಗಿಯಿತು. ಒಳಗೆ ಬಂದ ವಿಜಯ, ಅತ್ತೆ ಬೇಳೆ ನೆನೆಹಾಕಿಲ್ಲ ಅನ್ನುವುದನ್ನು ಗಮನಿಸಿ ಮರೆತಿರಬೇಕು ಅಂತ ಡಬ್ಬಿ ತೆಗೆದಳು. ಗುರವ್ವ ಅದನ್ನು ಕೈಯಿಂದ ಇಸಿದುಕೊಂಡು ಮತ್ತೆ ಮೇಲಿಟ್ಟಳು. ನುಚ್ಚು ತೆಗೆದು, ತೊಳೆದು, ದೊಡ್ಡ ಪಾತ್ರೆಯಲ್ಲಿ ಎಸರಿಗೆ ಹಾಕಿದಳು. ಒಬ್ಬರಿಗೆ ಬೇಕಾಗುವಷ್ಟಲ್ಲ, ಎಲ್ಲರಿಗೂ.

ವಿಜಯ ಏನೂ ಕೇಳಲಿಲ್ಲ. ಕಿತ್ತೂರಿನ ಹುಡುಗಿ, ತಿಳುವಳಿಕೆಯವಳು. ಮಜ್ಜಿಗೆ ಕಡೆಯಲು ಕೂತಳು. ಕೇಳಿದವಳು ಗಂಗಾ. ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಚ್ಚಳ ಕೆಳಗಿಟ್ಟಳು.

"ಪಾಡ್ಯದ ದಿನ ಮನಿಮಂದಿಗೆಲ್ಲಾ ನುಚ್ಚ ಕುದಿಸ್ತಾರಂದ್ರ ಅದು ಹೆಣಾ ಹೋದ ಮನಿ. ನನ್ನ ತಮ್ಮ ಇನ್ನೂ ಬದಕ್ಯಾನ, ಗುರವ್ವ."

"ಬದಕ್ಯಾರ ಅಂತನ ಮಾಡೇನಿ, ಅಕ್ಕಾರ," ಅಂದಳು ಗುರವ್ವ.

ನಿಜಗುಣಪ್ಪ ಆಗಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಹತ್ತಿರ ಬಂದಿದ್ದ. ಅವಳು ಹೋಗಿ ಅಡ್ಡ ನಿಂತಳು. ಇವತ್ತು ವಾಸನೆ ಇಲ್ಲ ಅಂತ ಮೆಲ್ಲಗೆ ಹೇಳಿದಳು. ಹಿತ್ತಲಲ್ಲಿ ಪೇರಲ ಗಿಡದ ನೆರಳಿಗೆ ಚಾಪೆ ಹಾಸಿ, ಗೋಡೆಯ ಬದಿಗೆ ಅವನಿಗೆ ಜಾಗ ಮಾಡಿದಳು. ಸೋರಿದರೆ ಸೋರಲಿ, ಅಲ್ಲಿ ಮಣ್ಣಿನ ನೆಲ. ಎಲ್ಲರಿಗೂ ಒಂದೇ ತರಹದ ಸ್ಟೀಲಿನ ಬಟ್ಟಲು, ಚಮಚ ಇಟ್ಟಳು. ಅವನು ಸಿಟ್ಟು ಮಾಡಿಕೊಂಡ. ತನ್ನ ಸಲುವಾಗಿ ಹುಡುಗಿಯ ಹಬ್ಬ ಕೆಡಿಸಬೇಡ ಅಂತ ಒದರಿದ. ಆ ಒದರಾಟ ಯಾರಿಗೂ ಮಾತಾಗಿ ಕೇಳಲಿಲ್ಲ, ಬರೀ ಸದ್ದಾಗಿ ಕೇಳಿತು. ಸ್ನೇಹಲ್ ಹೆದರಿ ತಾಯಿಯ ಹಿಂದೆ ಸರಿದಳು. ಅದನ್ನು ನೋಡಿ ಅವನು ಸುಮ್ಮನಾದ. ಚಪ್ಪಲಿ ಬಿಟ್ಟು ಬಂದು ಕೂತ.

ಆ ಊಟ ಚೆಂದವಾಗಿ ನಡೆಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ನಿಜಗುಣಪ್ಪ ಟಾವೆಲ್ ತೆಗೆದಾಗ ಎಲ್ಲರೂ ತಮ್ಮ ತಮ್ಮ ಬಟ್ಟಲು ನೋಡಿಕೊಂಡರು. ಅವನು ನುಂಗುವ ಸದ್ದು, ಒರೆಸಿಕೊಳ್ಳುವ ಸದ್ದು ಕೇಳುತ್ತಿತ್ತು. ಗಂಗಾ ಒಂದು ಬಾಳೆಹಣ್ಣು ಸುಲಿದುಕೊಂಡು ತಿಂದು ಗೋಡೆಯ ಕಡೆ ಮುಖ ಮಾಡಿ ಕೂತಳು, ನುಚ್ಚು ಮುಟ್ಟಲಿಲ್ಲ. ಕಲ್ಮೇಶ ನಾಲ್ಕು ಚಮಚ ತಿಂದು, ಅಂಗಡಿಯಲ್ಲಿ ಕೆಲಸ ಇದೆ ಅಂತ ಎದ್ದುಹೋದ. ಪಾಡ್ಯದ ದಿನ ಅವನ ಅಂಗಡಿಗೆ ಬೀಗ ಇರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಸ್ನೇಹಲ್ ಮಾತ್ರ, ಮೊದಲು ಕಣ್ಣು ಮುಚ್ಚಿಕೊಂಡು ಉಂಡವಳು, ಸ್ವಲ್ಪ ಹೊತ್ತಿಗೆ ಕಣ್ಣು ತೆರೆದಳು. ತನ್ನ ಬಟ್ಟಲು ಖಾಲಿಯಾದ ಮೇಲೆ ಅಜ್ಜನ ಬಟ್ಟಲನ್ನು ನೋಡಿ, ಆಯಿ, ಅಜ್ಜಗ ಇನ್ನಷ್ಟ ಮಜ್ಜಿಗಿ ಹಾಕು ಅಂದಳು. ಗುರವ್ವ ಹಾಕಿದಳು. ಅವನು ಉಂಡ. ದವಾಖಾನೆಯಿಂದ ಮನೆಗೆ ಬಂದ ಮೇಲೆ ನಾಲ್ಕು ಮಂದಿಯ ನಡುವೆ ಕೂತು ಅವನು ಉಂಡದ್ದು ಅದೇ ಮೊದಲು.

ಅಲ್ಲಿಂದ ಅವನಿರುವತನಕ ಆ ಮನೆಯಲ್ಲಿ ಹೂರಣ ಅರೆಯಲಿಲ್ಲ. ಎಳ್ಳ ಅಮಾವಾಸ್ಯೆಗೂ ನುಚ್ಚು, ಸಂಕ್ರಾಂತಿಗೂ ನುಚ್ಚು. ಹೋಳಿಗೆ ತಿನ್ನಬೇಕು ಅನ್ನಿಸಿದರೆ ವಿಜಯ ಮಗಳನ್ನು ಕರೆದುಕೊಂಡು ಕಿತ್ತೂರಿಗೆ ಹೋಗಿ ಬರುತ್ತಿದ್ದಳು. ಓಣಿಯವರು ಮದುವೆಯ ಹೋಳಿಗೆಗೆ ಕರೆದರೆ ಗುರವ್ವ ಕೈ ನೋವು ಅಂತ ಹೇಳಿ ತಪ್ಪಿಸಿದಳು. ಕೆಲವರು ಸಿಟ್ಟಾದರು, ಆಮೇಲೆ ಕರೆಯುವುದನ್ನೇ ಬಿಟ್ಟರು. ಸಂಕ್ರಾಂತಿಯ ದಿನ ನಿಜಗುಣಪ್ಪ ತಾನೇ ಚಾಪೆ ತಂದು ಹಾಸಿದ್ದ. ಅವತ್ತು ಕಲ್ಮೇಶನೂ ಪೂರ್ತಿ ಉಂಡು ಎದ್ದ. ಗುರವ್ವ ಆ ದಿನವನ್ನು ಬಹಳ ನೆನೆಯುತ್ತಾಳೆ. ಅಂಥ ದಿನ ಮತ್ತೊಂದು ಬರಲಿಲ್ಲ.

ಯುಗಾದಿಯ ಹೊತ್ತಿಗೆ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಬೆಳಗಾವಿಯ ಡಾಕ್ಟರು ಈ ಸಲ ಕೊಯ್ಯುವ ಮಾತಾಡಲಿಲ್ಲ. ನೋವಿನ ಗುಳಿಗೆ ಬರೆದುಕೊಟ್ಟು, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿರಿ ಅಂದರು. ಮಳೆಗಾಲ ಹತ್ತುವಾಗ ನುಚ್ಚೂ ಇಳಿಯದಾಯಿತು. ಗುರವ್ವ ಅದರ ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಹನಿ ಹನಿ ಹಾಕುತ್ತಿದ್ದಳು. ನೋಡಲು ಬಂದ ಗಂಗಾ ತಮ್ಮನ ಕಾಲ ಬಳಿ ಕೂತು ಅತ್ತಳು. ಹೊರಗೆ ಬಂದು, ಹಬ್ಬದ ದಿನ ಸಿಹಿ ಬಿಡಿಸಿದ್ದಕ್ಕೇ ದೇವರು ಹೀಗೆ ಮಾಡಿದ ಅಂತ ಕೆಂಪವ್ವನ ಮುಂದೆ ಹೇಳಿದಳು. ನೀರು ತರಲು ಬಂದ ಗುರವ್ವ ಅದನ್ನು ಕೇಳಿಸಿಕೊಂಡಳು. ಸುಳ್ಳು ಅಂತ ಅವಳಿಗೆ ಗೊತ್ತಿತ್ತು, ಡಾಕ್ಟರು ಎಲ್ಲ ತಿಳಿಸಿ ಹೇಳಿದ್ದರು. ಆದರೂ ಆ ಮಾತು ಅವಳಲ್ಲಿ ಉಳಿದುಬಿಟ್ಟಿತು. ಇವತ್ತಿಗೂ ಪೂರ್ತಿ ಹೋಗಿಲ್ಲ.

ಶ್ರಾವಣದ ಒಂದು ಸೋಮವಾರ ಬೆಳಗಿನಲ್ಲಿ ನಿಜಗುಣಪ್ಪ ತೀರಿಕೊಂಡ. ವಿಭೂತಿ ಹಚ್ಚಿ, ಕೂರಿಸಿ, ಜಿಟಿಜಿಟಿ ಮಳೆಯಲ್ಲಿ ಒಯ್ದು ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಜವಳಿ ಅಂಗಡಿಯವರು ಬಂದಿದ್ದರು. ಅವನಿಂದ ಸೀರೆ ಕೊಂಡ ಹಳ್ಳಿಯ ಹೆಂಗಸರು ಕೆಲವರು ತಿಂಗಳಾದ ಮೇಲೆ ಸುದ್ದಿ ತಿಳಿದು ಮನೆ ಹುಡುಕಿಕೊಂಡು ಬಂದರು.

ಸಾವಾದ ಮನೆಯಲ್ಲಿ ವರ್ಷತನಕ ಹಬ್ಬ ಇಲ್ಲ. ಆ ಪಾಡ್ಯಕ್ಕೆ ಅಂಗಳದಲ್ಲಿ ಪಾಂಡವರೂ ಇರಲಿಲ್ಲ, ಒಲೆಯ ಮೇಲೆ ವಿಶೇಷವೂ ಇರಲಿಲ್ಲ. ಗುರವ್ವ ನುಚ್ಚು ಕುದಿಸಿದಳು. ಹಬ್ಬದ ಅಡುಗೆ ಅಲ್ಲವಾದ್ದರಿಂದ ಯಾರೂ ಬೇಡ ಅನ್ನುವಂತಿರಲಿಲ್ಲ. ಒಳಗೇ ಉಣ್ಣೋಣ ಅಂತ ಅವಳು ಬಟ್ಟಲು ಜೋಡಿಸುತ್ತಿರುವಾಗ ಕಲ್ಮೇಶ ಚಾಪೆ ಎತ್ತಿಕೊಂಡು ಹಿತ್ತಲಿಗೆ ಹೋಗಿ ಹಾಸಿದ. ಗೋಡೆಯ ಬದಿಯ ಜಾಗ ಬಿಟ್ಟು ಕೂತ. ಒಂದು ತುತ್ತು ತೆಗೆದುಕೊಂಡವನು ಮುಂದೆ ಉಣ್ಣಲಾರದೆ ಮೊಣಕಾಲಿನ ಮೇಲೆ ತಲೆ ಇಟ್ಟ. ಮೊದಲ ವರ್ಷ ಹೊರಗೆ ಎದ್ದುಹೋದದ್ದು ಅಪ್ಪನನ್ನು ನೋಡಲಾರದೆ ಅಂತ ಅವನು ಹೆಂಡತಿಯ ಮುಂದೆ ಹೇಳಿದ್ದನಂತೆ. ತಾಯಿಯ ಮುಂದೆ ಹೇಳಲಿಲ್ಲ.

ಮರುವರ್ಷ ಹಬ್ಬ ಬಿಡಿಸಲು ಗಂಗಾ ತಾನೇ ಬಂದಳು. ಸಾವಾದ ಮನೆಗೆ ಮತ್ತೆ ಸಿಹಿ ತರುವುದು ಮನೆಯ ಹೆಣ್ಣುಮಕ್ಕಳ ಕೆಲಸ. ಬೇಳೆ, ಬೆಲ್ಲ, ಗೋದಿಹಿಟ್ಟು ಎಲ್ಲ ಚೀಲದಲ್ಲಿ ತುಂಬಿಕೊಂಡು ಬಂದಿದ್ದಳು. ಗುರವ್ವ ಅಡ್ಡಿ ಹೇಳಲಿಲ್ಲ. ಆದರೆ ಮಧ್ಯಾಹ್ನ ನುಚ್ಚು ಆಗಲಿ, ಹೋಳಿಗೆ ಸಂಜೆಗೆ ಮಾಡೋಣ ಅಂದಳು. ಗಂಗಾ ಚೀಲ ಕೆಳಗಿಟ್ಟು ಕೂತುಬಿಟ್ಟಳು.

"ಅಂವ ಹೋಗಿ ವರ್ಷ ಆತು. ಇನ್ನ ಯಾರ ಸಲುವಾಗಿ ಇದು?"

ಗಂಡನ ಹೆಸರು ಹೇಳಿ ಮಾಡುವ ಎಡೆಯಲ್ಲ ಅದು, ದೇವರ ಹರಕೆಯೂ ಅಲ್ಲ. ಗುರವ್ವ ಹೇಳಿದ್ದು, "ಅವರ ಕೂಡ ಕುಂತ ಉಂಡದ್ದು ಇದೊಂದ, ಅಕ್ಕಾರ. ಇದನ್ನ ಬಿಟ್ರ ನನಗ ನೆನಪ ಉಳಿಯೂದು ಬರೇ ಬಸ್‌ಸ್ಟ್ಯಾಂಡ್."

ಬಸ್‌ಸ್ಟ್ಯಾಂಡಿನ ಸಂಗತಿ ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಗುರವ್ವ ಎಲ್ಲರ ಮುಂದೆ ಅದನ್ನು ಹೇಳಿದಳು. ಗಂಗಾ ಸೆರಗಿನಿಂದ ಮುಖ ಒರೆಸಿಕೊಂಡಳು. ಆದರೆ ಹಿತ್ತಲಿಗೆ ಬರಲಿಲ್ಲ, ಒಳಗೇ ಮಲಗಿದಳು. ಸಂಜೆ ಹೋಳಿಗೆ ಮಾಡುವಾಗ ಎದ್ದು ಬಂದು ಗುರವ್ವನ ಪಕ್ಕದಲ್ಲಿ ಕೂತು ಕಣಕ ಹರಿದು ಕೊಟ್ಟಳು. ಅಷ್ಟು ದಿನಗಳ ಮೇಲೆ ಲಟ್ಟಣಿಗೆ ಹಿಡಿದ ಗುರವ್ವನ ಹೋಳಿಗೆ ಅವತ್ತು ಎರಡು ಹರಿದವು. ಅದರ ನಂತರದ ವರ್ಷಗಳಲ್ಲಿ ಗಂಗಾ ಪಾಡ್ಯ ಕಳೆದ ಮರುದಿನವೇ ತವರಿಗೆ ಬರುವುದು ರೂಢಿಯಾಯಿತು.

ಹೀಗೆ ಪಾಡ್ಯದ ನುಚ್ಚು ಆ ಮನೆಯಲ್ಲಿ ಉಳಿದುಕೊಂಡಿತು. ದೊಡ್ಡವಳಾಗುತ್ತ ಬಂದ ಸ್ನೇಹಲ್ ಈಗ ನುಚ್ಚು ತೊಳೆಯುವುದು, ಬಟ್ಟಲು ಇಡುವುದು ಎಲ್ಲ ತಾನೇ ಮಾಡುತ್ತಾಳೆ. ಉಣ್ಣುವಾಗ ಅಜ್ಜನ ಮಾತು ಬರುತ್ತದೆ. ಸೆರಗು ಹೊದ್ದು ನಿಲ್ಲುತ್ತಿದ್ದದ್ದು, ಸವದತ್ತಿಯ ಹೆಂಗಸರಿಗೆ ಅನ್ನುತ್ತಿದ್ದ ಮಾತು ಎಲ್ಲವನ್ನೂ ಕಲ್ಮೇಶ ಮಗಳಿಗೆ ಹೇಳಿ ತೋರಿಸುತ್ತಾನೆ. ಒಮ್ಮೊಮ್ಮೆ ನಗುವೂ ಆಗುತ್ತದೆ.

ಆದರೆ ಕಲ್ಮೇಶ ಗುಟ್ಕಾ ಮತ್ತೆ ಶುರು ಮಾಡಿದ್ದ. ಅಪ್ಪ ತೀರಿದ ಮೇಲೆ ಯಾವಾಗ ಅಂತ ತಿಳಿಯದು. ವಿಜಯ ಅಂಗಿ ಒಗೆಯುವಾಗ ಜೇಬಿನ ಹೊಲಿಗೆಯಲ್ಲಿ ಪುಡಿ ಕಂಡಳು. ಜಗಳವಾಯಿತು, ಆಣೆಯಾಯಿತು, ಬಿಟ್ಟ, ಮತ್ತೆ ಹಿಡಿದ. ಗುರವ್ವ ಮಗನಿಗೆ ಏನೂ ಅನ್ನಲಿಲ್ಲ. ಅಪ್ಪನ ಮುಖ ನೋಡಿ ಬಿಡದವನು ತನ್ನ ಮಾತಿಗೆ ಬಿಟ್ಟಾನೆಯೇ ಅಂತ ವಿಜಯಳಿಗೆ ಹೇಳಿದ್ದಳಂತೆ. ಪಾಡ್ಯದ ದಿನ ಮಾತ್ರ ಅವನು ಹಿತ್ತಲಿಗೆ ಬರುವ ಮೊದಲು ನಳದ ಹತ್ತಿರ ನಿಂತು ಬಹಳ ಹೊತ್ತು ಬಾಯಿ ಮುಕ್ಕಳಿಸುತ್ತಿದ್ದ. ಆ ಸದ್ದು ಚಾಪೆಯ ಮೇಲೆ ಕೂತವರಿಗೆಲ್ಲ ಕೇಳುತ್ತಿತ್ತು.

ಹೋದ ವರ್ಷದ ಪಾಡ್ಯದ ಸಂಜೆ ಹೋಳಿಗೆ ಬಡಿಸುತ್ತಿದ್ದ ಗುರವ್ವ ಒಂದು ಸಂಗತಿ ಗಮನಿಸಿದಳು. ಕಲ್ಮೇಶ ಹೋಳಿಗೆಯನ್ನು ಉಗುರಿನಷ್ಟು ಉಗುರಿನಷ್ಟು ಹರಿದು ಬಾಯೊಳಗೆ ತಳ್ಳುತ್ತಿದ್ದ. ಕಟ್ಟಿನ ಸಾರು ಮುಟ್ಟಿರಲಿಲ್ಲ. ಅವಳು ತುಪ್ಪದ ಬಟ್ಟಲು ಕೆಳಗಿಟ್ಟು ಅವನ ಎದುರಿಗೆ ಕೂತಳು.

"ಬಾಯಿ ತಗಿ."

ಏನೂ ಆಗಿಲ್ಲ ಅಂದ. ನಗಲು ನೋಡಿದ. ಅವಳು ಅಲ್ಲಿಂದ ಕದಲಲಿಲ್ಲ. ಅವನು ತೆಗೆದ. ಎರಡು ಬೆರಳು ಕೂಡ ಸರಿಯಾಗಿ ಹೋಗದಷ್ಟೇ ತೆರೆಯಿತು. ಒಳಗೆ ಗಲ್ಲ ಬೆಳ್ಳಗಾಗಿತ್ತು. ಎಷ್ಟು ದಿನ ಆತು ಅಂತ ಕೇಳಿದಳು. ಅವನು ತಟ್ಟೆ ನೋಡುತ್ತ, "ಯುಗಾದಿಯಿಂದ ಹಿಂಗ ಐತಿ, ಅವ್ವ. ಹೇಳಾಕ ಅಂಜಿಕಿ ಬಂತು," ಅಂದ. ವಿಜಯ ಎದ್ದು ಒಳಗೆ ಹೋದಳು. ಸ್ನೇಹಲ್ ಉಣ್ಣುವುದನ್ನು ನಿಲ್ಲಿಸಿದಳು.

ಮರುದಿನವೇ ತಾಯಿ ಮಗ ಬೆಳಗಾವಿಯ ಬಸ್ಸು ಹತ್ತಿದರು. ಅದೇ ದವಾಖಾನೆ, ಅದೇ ವರಾಂಡ. ತುಣುಕು ತೆಗೆದರು. ಉತ್ತರ ಬರುವತನಕ ಗುರವ್ವನಿಗೆ ಅನ್ನ ಸೇರಲಿಲ್ಲ, ಬರೀ ನೀರು ಕುಡಿದುಕೊಂಡಿದ್ದಳು. ಕ್ಯಾನ್ಸರ್ ಅಲ್ಲ ಅಂದರು, ಇವತ್ತಿಗೆ ಅಲ್ಲ. ಬಾಯೊಳಗಿನ ತೊಗಲು ಬಿರುಸಾಗಿ ಬಿಗಿದುಕೊಂಡಿದೆ, ಅದು ಇನ್ನು ಮೊದಲಿನ ಹಾಗೆ ಆಗುವುದಿಲ್ಲ. ಚಟ ಬಿಟ್ಟರೆ ಇಲ್ಲಿಗೆ ನಿಲ್ಲಬಹುದು, ಬಿಡದಿದ್ದರೆ ಅಪ್ಪನಿಗೆ ಆದದ್ದೇ. ಬಿಟ್ಟರೂ ಮೇಲಿಂದ ಮೇಲೆ ಬಂದು ತೋರಿಸಿಕೊಳ್ಳುತ್ತಿರಬೇಕು ಅಂದರು.

ಕಲ್ಮೇಶ ಬಿಟ್ಟಿದ್ದೇನೆ ಅನ್ನುತ್ತಾನೆ. ವಿಜಯ ನಂಬಿದ್ದಾಳೆ. ಗುರವ್ವ ದಿನಾ ಬೆಳಿಗ್ಗೆ ಅವನ ಅಂಗಿಯನ್ನು ಒಗೆಯಲು ಹಾಕುವ ಮೊದಲು ಮೂಗಿನ ಹತ್ತಿರ ಹಿಡಿದು ನೋಡುತ್ತಾಳೆ. ಇದುವರೆಗೆ ಎಣ್ಣೆಯದು, ಸುಟ್ಟ ತಂತಿಯದು ಬಿಟ್ಟು ಬೇರೆ ವಾಸನೆ ಸಿಕ್ಕಿಲ್ಲ. ಅವಳಿಗೆ ಅದರಿಂದ ಸಮಾಧಾನವೂ ಆಗಿಲ್ಲ.

ಈ ವರ್ಷದ ಯುಗಾದಿಗೆ ವಿಜಯ, ಅವರಿಗೆ ಅಗಿಯಲು ಕಷ್ಟ, ಇವತ್ತೂ ನುಚ್ಚನ್ನೇ ಮಾಡೋಣವೇ ಅಂತ ಕೇಳಿದಳು. ಗುರವ್ವ ಬೇಡ ಅಂದಳು.

"ನುಚ್ಚ ಪಾಡ್ಯಕ್ಕಷ್ಟ ಇರಲಿ. ಅದನ್ನ ಮತ್ತ ಎಲ್ಲಾ ಹಬ್ಬಕ್ಕ ತಂದ್ರ ನನ್ನ ಕೈಯಿಂದ ಆಗಂಗಿಲ್ಲ."

ಅವಳೇ ಕೂತು ಹೋಳಿಗೆ ಲಟ್ಟಿಸಿದಳು. ಮೊದಲಿಗಿಂತ ತೆಳ್ಳಗೆ, ಮೊದಲಿಗಿಂತ ಸಣ್ಣವು. ಕಲ್ಮೇಶ ಬಿಸಿ ಹಾಲಿನಲ್ಲಿ ಅದ್ದಿ, ತುಣುಕು ತುಣುಕಾಗಿ ಬಾಯೊಳಗೆ ಇಟ್ಟುಕೊಂಡ. ಒಂದು ಹೋಳಿಗೆಗೆ ಅವನಿಗೆ ಬಹಳ ಹೊತ್ತು ಹಿಡಿಯಿತು. ಉಳಿದವರ ಊಟ ಯಾವಾಗಲೋ ಮುಗಿದು, ಕೈ ಒಣಗಿದ್ದವು. ಹೊರಗೆ ಯಾರೋ ಬೇವುಬೆಲ್ಲ ಕೊಡಲು ಬಂದು ಕರೆದರು. ಅವನು ಮುಗಿಸುವತನಕ ಯಾರೂ ಏಳಲಿಲ್ಲ.